ಹಳ್ಳಕ್ಕೆ ತಕ್ಕ ಕೊಳವೆ

ಮುಂಗಾರಿಗೆ ಇನ್ನೊಂದೆರಡು ತಿಂಗಳಿರುವಾಗ ಮಲೆನಾಡಿನ ಯಾವ ರಸ್ತೆಯಲ್ಲಿ ಸಾಗಿದರೂ ಒಂದು ನೋಟ ತಪ್ಪುವುದಿಲ್ಲ. ತಿರುವಿನ ಅಂಚಿನಲ್ಲಿ, ಹಳ್ಳ ದಾಟುವ ಜಾಗದಲ್ಲಿ, ಬೂದುಬಣ್ಣದ ಸಿಮೆಂಟು ಕೊಳವೆಗಳು ಸಾಲಾಗಿ ಮಲಗಿರುತ್ತವೆ. ಒಂದು ದಿನ ಜೆಸಿಬಿ ಬಂದು ರಸ್ತೆಯನ್ನು ಸೀಳುತ್ತದೆ, ಕೊಳವೆಯನ್ನು ಇಳಿಸುತ್ತದೆ, ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ಹಿಂದಿನ ಮಳೆಗಾಲದಲ್ಲಿ ಕೊಚ್ಚಿಹೋದ ಮೋರಿಯ ಜಾಗದಲ್ಲಿ ಎಷ್ಟೋ ಸಲ ಅದೇ ಅಳತೆಯ ಇನ್ನೊಂದು ಮೋರಿ ಸಿದ್ಧವಾಗುತ್ತದೆ. ಜುಲೈ ತಿಂಗಳಲ್ಲಿ ಮಳೆ ಹಿಡಿದಾಗ ಅದೂ ಕೊಚ್ಚಿಹೋದರೆ ದೂಷಣೆಯೆಲ್ಲ ಮಳೆಯ ಪಾಲಿಗೆ.

ಆ ಕೊಳವೆಯ ಕಾಂಕ್ರೀಟನ್ನು ಯಾವ ಯಂತ್ರ ಕಲಸಿತು, ಯಾವ ಅಚ್ಚಿನಲ್ಲಿ ಅದು ರೂಪುಗೊಂಡಿತು, ಎಷ್ಟು ದಿನ ನೀರುಂಡಿತು, ಅದರ ಬಾಯಿ ಎರಡೇ ಅಡಿ ಏಕಿರಬೇಕು ಎಂಬ ಪ್ರಶ್ನೆಗಳು ಗ್ರಾಮಸಭೆಗಳಲ್ಲಿ ಕೇಳಿಬರುವುದು ಅಪರೂಪ. ಕಾಡು, ಗಣಿ, ಅಣೆಕಟ್ಟುಗಳ ವಿಷಯದಲ್ಲಿ ಎಚ್ಚೆತ್ತಿರುವ ಮಲೆನಾಡಿಗರು ಮೋರಿಯನ್ನು ಎಂಜಿನಿಯರರಿಗೂ ಗುತ್ತಿಗೆದಾರರಿಗೂ ಬಿಟ್ಟುಕೊಟ್ಟಿದ್ದಾರೆ. ಗುಡ್ಡದ ನೀರು ಹೊಲಕ್ಕೆ ಇಳಿಯಬೇಕೋ, ತೋಟಕ್ಕೆ ನುಗ್ಗಬೇಕೋ, ಮಣ್ಣಿನೊಳಗೆ ಇಂಗಿ ಧರೆಯನ್ನು ಜರಿಸಬೇಕೋ ಎಂಬುದನ್ನು ಬಹುಪಾಲು ಕಡೆ ತೀರ್ಮಾನಿಸುವುದು ಇದೇ ಮೋರಿ. ತಯಾರಕರ ಅಂಗಳದಲ್ಲಿ ಯಾವ ಅಚ್ಚು ಇದೆಯೋ ಆ ಅಳತೆಗೆ ಹಳ್ಳ ಕುಗ್ಗಬೇಕೆಂಬುದು ಇಂದಿನ ಅಲಿಖಿತ ನಿಯಮ. ಹಳ್ಳದ ಅಳತೆಗೆ ಅಚ್ಚು ಹಿಗ್ಗಬೇಕೆಂದು ಕೇಳುವ ಹಕ್ಕು ಹಳ್ಳದ ಪಕ್ಕದಲ್ಲಿ ಬದುಕುವವರಿಗೆ ಇದೆ. ಹಾಗೆ ಕೇಳಬೇಕಾದರೆ ಕೊಳವೆ ಹುಟ್ಟುವ ಬಗೆಯನ್ನು ಮೊದಲು ಅರಿಯಬೇಕಾಗುತ್ತದೆ.

ತಿರುಗುವ ಅಚ್ಚಿನ ಕತೆ

ಹಳ್ಳಿಹಳ್ಳಿಯಲ್ಲೂ ಜನರ ಬಾಯಲ್ಲಿರುವ ‘ಹ್ಯೂಮ್ ಪೈಪು’ ಎಂಬ ಮಾತು ವಾಸ್ತವದಲ್ಲಿ ಒಬ್ಬ ವ್ಯಕ್ತಿಯ ಹೆಸರು. ವಾಲ್ಟರ್ ಹ್ಯೂಮ್ ಆಸ್ಟ್ರೇಲಿಯಾದವನು. ಸಹೋದರ ಅರ್ನೆಸ್ಟನ ಜೊತೆ ಬೇಲಿ ತಯಾರಿಸುವ ಕಸುಬು ನಡೆಸುತ್ತಿದ್ದ ಈತ 1910ರಲ್ಲಿ, ಅಚ್ಚನ್ನು ಗರಗರನೆ ತಿರುಗಿಸಿ ಕಾಂಕ್ರೀಟು ಕೊಳವೆ ಮಾಡುವ ವಿಧಾನವನ್ನು ರೂಪಿಸಿದ. ಮಜ್ಜಿಗೆ ಕಡೆಯುವಾಗ ಮಜ್ಜಿಗೆ ಗಡಿಗೆಯ ಅಂಚಿಗೆ ಏರುವುದನ್ನು ಕಂಡವರಿಗೆ ಇದರ ಮರ್ಮ ಸುಲಭವಾಗಿ ಹೊಳೆದೀತು. ಭಾರತಕ್ಕೆ ಈ ವಿಧಾನ ತಡವಾಗದೆ ಬಂದಿತು. ಸೇಠ್ ವಾಲಚಂದ್ ಹೀರಾಚಂದ್ ಅವರು 1926ರಲ್ಲಿ ಮುಂಬಯಿಯಲ್ಲಿ ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯನ್ನು ಸ್ಥಾಪಿಸಿದರು. ಅಲ್ಲಿಂದೀಚೆಗೆ ಕುಡಿಯುವ ನೀರು, ಚರಂಡಿ, ನೀರಾವರಿ, ರಸ್ತೆಯ ಮೋರಿ ಎಲ್ಲದಕ್ಕೂ ಇದೇ ಕೊಳವೆ ಬಳಕೆಗೆ ಬಂದು, ತಯಾರಿಸಿದವರು ಯಾರೇ ಆದರೂ ಹ್ಯೂಮನ ಹೆಸರೇ ಅಂಟಿಕೊಂಡಿತು.

ಈ ಹೆಸರಿನಿಂದ ಒಂದು ತೊಡಕೂ ಆಗಿದೆ. ಗುಂಡಗಿರುವ ಸಿಮೆಂಟಿನ ವಸ್ತುವೆಲ್ಲ ಹ್ಯೂಮ್ ಪೈಪು ಎನಿಸಿಕೊಂಡಿದೆ. ಪೇಟೆಯ ಅಂಚಿನ ಅಂಗಳಗಳಲ್ಲಿ ತಗಡಿನ ಅಚ್ಚು ನಿಲ್ಲಿಸಿ, ಕಾಂಕ್ರೀಟು ಸುರಿದು, ಕಬ್ಬಿಣದ ಸರಳಿನಿಂದ ಕುಟ್ಟಿ ಮಾಡುವ ಬಾವಿ ರಿಂಗು ಬೇರೆ. ಕಾರ್ಖಾನೆಯಲ್ಲಿ ತಿರುಗಿಸಿ ಮಾಡಿದ ಕೊಳವೆ ಬೇರೆ. ಬಾವಿಯ ರಿಂಗು ಸುತ್ತಲಿನ ಮಣ್ಣನ್ನು ತಡೆದರೆ ಸಾಕು. ಅದು ಆ ಕೆಲಸಕ್ಕೆ ಯೋಗ್ಯವೇ ಸರಿ. ಮರಳು ತುಂಬಿದ ಲಾರಿಯ ಭಾರವನ್ನು ನೆತ್ತಿಯ ಮೇಲೆ ಹೊರಬೇಕಾದ ಮೋರಿಗೆ ಅದನ್ನೇ ಜೋಡಿಸಿದರೆ ಫಲಿತಾಂಶವನ್ನು ಊಹಿಸುವುದು ಕಷ್ಟವಲ್ಲ.

ಕಲಸುವುದರಲ್ಲೇ ಅರ್ಧ ಗುಣ

ಕಾಂಕ್ರೀಟು ಎಂದರೆ ಸಿಮೆಂಟು, ಮರಳು, ಜಲ್ಲಿ, ನೀರು. ಇವುಗಳಲ್ಲಿ ಅತ್ಯಂತ ಅಗ್ಗದ್ದು ನೀರು, ಅತ್ಯಂತ ಹೆಚ್ಚು ಕೆಡಿಸುವುದೂ ನೀರೇ. ಸಿಮೆಂಟಿಗೆ ನೀರಿನ ಪ್ರಮಾಣ ಹೆಚ್ಚಿದಂತೆ ಕಾಂಕ್ರೀಟಿನ ಬಲ ಕುಗ್ಗುತ್ತದೆಂಬ ನಿಯಮವನ್ನು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲಿ ಪ್ರಕಟಿಸಿದ. ಲೆಕ್ಕ ಸರಳವಾಗಿದೆ. 50 ಕಿಲೋ ತೂಕದ ಒಂದು ಚೀಲ ಸಿಮೆಂಟು ರಾಸಾಯನಿಕವಾಗಿ ಕೂಡಿಕೊಳ್ಳಲು ಹನ್ನೊಂದು ಹನ್ನೆರಡು ಲೀಟರು ನೀರು ಬೇಕು. ಗಟ್ಟಿಯಾಗುವ ಸಿಮೆಂಟಿನ ಸೂಕ್ಷ್ಮ ರಂಧ್ರಗಳಲ್ಲಿ ನಿಲ್ಲಲು ಇನ್ನೂ ಏಳೆಂಟು ಲೀಟರು. ಒಟ್ಟು 19 ಲೀಟರು. ಕಲಸಲು ಸಲೀಸಾಗಲೆಂದು 30 ಲೀಟರು ಸುರಿದರೆ ಉಳಿದ 11 ಲೀಟರಿಗೆ ಅಲ್ಲಿ ಕೆಲಸವಿಲ್ಲ. ಅದು ಒಣಗಿ ಹೊರಟುಹೋಗುತ್ತದೆ, ತಾನಿದ್ದ ಜಾಗವನ್ನು ಟೊಳ್ಳಾಗಿ ಬಿಟ್ಟುಹೋಗುತ್ತದೆ. ಆ ಟೊಳ್ಳಿನ ಮೂಲಕ ಮುಂದೆ ಹಳ್ಳದ ನೀರು ಒಳಸೇರಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ.

ಇಲ್ಲಿ ಯಂತ್ರದ ಪಾತ್ರ ಬರುತ್ತದೆ. ಮನೆ ಕಟ್ಟುವಲ್ಲಿ ಎಲ್ಲರೂ ಕಂಡಿರುವ, ಹೊಟ್ಟೆಯುಬ್ಬಿದ ತಿರುಗುವ ಡ್ರಮ್ಮಿನ ಮಿಕ್ಸರು ಸಾಮಗ್ರಿಯನ್ನು ಮೇಲಕ್ಕೆತ್ತಿ ಕೆಳಕ್ಕೆ ಬೀಳಿಸುತ್ತ ಕಲಸುತ್ತದೆ. ನೀರು ಧಾರಾಳವಾಗಿರುವ ಸಡಿಲ ಕಾಂಕ್ರೀಟಿಗೆ ಇದು ಸಾಕು. ಕೊಳವೆಗೆ ಬೇಕಾದುದು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲುವಷ್ಟು ಗಟ್ಟಿಯಾದ, ನೀರು ಕಡಿಮೆಯಿರುವ ಕಾಂಕ್ರೀಟು. ಅದನ್ನು ಡ್ರಮ್ಮಿಗೆ ಹಾಕಿದರೆ ಗೋಡೆಗೆ ಅಂಟಿಕೊಂಡು ಉಂಡೆಗಟ್ಟುತ್ತದೆ. ಹಾಗಾಗಿ ಒಳ್ಳೆಯ ಕಾರ್ಖಾನೆಗಳು ‘ಪ್ಯಾನ್ ಮಿಕ್ಸರ್’ ಇಟ್ಟಿರುತ್ತವೆ. ಅಗಲವಾದ ಬಾಣಲೆಯಂಥ ಪಾತ್ರೆಯೊಳಗೆ ಕಬ್ಬಿಣದ ಹುಟ್ಟುಗಳು ತಿರುಗುತ್ತ, ಮಣ್ಣು ತುಳಿದು ಹದ ಮಾಡುವಂತೆ, ಕಾಂಕ್ರೀಟನ್ನು ಒತ್ತಿ, ಮಗುಚಿ, ಪ್ರತಿ ಜಲ್ಲಿಕಲ್ಲಿಗೂ ಸಿಮೆಂಟಿನ ಲೇಪ ಹತ್ತಿಸುತ್ತವೆ. ಈ ಯಂತ್ರವಿಲ್ಲದ ಕಡೆ ಕೆಲಸಗಾರ ಏನು ಮಾಡುತ್ತಾನೆ? ಡ್ರಮ್ಮು ತಿರುಗಲೆಂದು ಇನ್ನೊಂದು ಕೊಡ ನೀರು ಸುರಿಯುತ್ತಾನೆ. ಆತನನ್ನು ದೂರುವುದು ಸಲ್ಲದು. ಆತನ ಕೈಗೆ ಕೊಟ್ಟಿರುವ ಯಂತ್ರವೇ ಆ ನೀರನ್ನು ಬೇಡುತ್ತದೆ.

ಮಲೆನಾಡಿನ ಹವೆ ಇನ್ನೊಂದು ಗುಟ್ಟಿನ ನೀರನ್ನು ಸೇರಿಸುತ್ತದೆ. ಬಯಲಿನಲ್ಲಿ ಗುಡ್ಡೆ ಹಾಕಿದ ಮರಳು ಮಳೆಯಲ್ಲಿ ನೆನೆದು ತನ್ನ ತೂಕದ ನೂರಕ್ಕೆ ಐದು ಪಾಲು ತೇವ ಹಿಡಿದಿದ್ದರೆ, 100 ಕಿಲೋ ಮರಳಿನ ಜೊತೆ ಐದು ಲೀಟರು ನೀರು ಅಳತೆಗೆ ಸಿಗದೆ ಮಿಕ್ಸರಿಗೆ ಹೋಗುತ್ತದೆ. ಮರಳಿನ ತೇವ ನೋಡಿ ನೀರು ತಗ್ಗಿಸುವ ಶಿಸ್ತು ಇರುವಲ್ಲಿ ಮಾತ್ರ ಕೊಳವೆ ಮಳೆಗಾಲದಲ್ಲೂ ಬೇಸಗೆಯಲ್ಲೂ ಒಂದೇ ಗುಣದ್ದಾಗಿರುತ್ತದೆ. ನದಿಮರಳಿನ ಬದಲು ಈಗ ಬಳಕೆಗೆ ಬಂದಿರುವ ಕಲ್ಲುಪುಡಿಯ ಮರಳಿನ ಕಣಗಳು ಚೂಪು. ಅದರಲ್ಲಿ ದೂಳು ಹೆಚ್ಚಿದ್ದರೆ ನೀರಿನ ಬಾಯಾರಿಕೆಯೂ ಹೆಚ್ಚು. ಹೊಳೆಯ ಒಡಲನ್ನು ಬಗೆಯದೆ ಕೊಳವೆ ಮಾಡಬೇಕೆಂಬ ಆಶಯ ಸರಿಯಾದುದೇ. ಆದರೆ ದೂಳು ತೊಳೆದು, ಜರಡಿ ಹಿಡಿದು ಕೊಡುವ ಕ್ರಷರಿನ ಮರಳನ್ನೇ ಆಯ್ದುಕೊಳ್ಳುವುದು ಅದರೊಂದಿಗೆ ಬರುವ ಹೊಣೆ. ಆ ದೂಳನ್ನು ದಿನವಿಡೀ ಉಸಿರಾಡುವ ಕಾರ್ಮಿಕರ ಶ್ವಾಸಕೋಶವನ್ನೂ ಇದೇ ಲೆಕ್ಕದಲ್ಲಿ ಸೇರಿಸಬೇಕು.

ಅಚ್ಚಿನಿಂದ ಹೊಂಡಕ್ಕೆ

ಕಲಸಿದ ಕಾಂಕ್ರೀಟು ಅಚ್ಚಿಗೆ ಇಳಿಯುವ ಮೊದಲು ಕಬ್ಬಿಣದ ಪಂಜರ ಸಿದ್ಧವಾಗಬೇಕು. ಉದ್ದುದ್ದ ತಂತಿಗಳ ಸುತ್ತ ಇನ್ನೊಂದು ತಂತಿ ಸುರುಳಿಯಾಗಿ ಸುತ್ತಿ, ಸೇರುವ ಕಡೆ ಬೆಸೆದುಕೊಂಡು, ಮೀನಿನ ಕೂಳಿಯಂತೆ ಕಾಣುವ ಪಂಜರವಿದು. ಕಾಂಕ್ರೀಟು ಒತ್ತುವಿಕೆಯನ್ನು ತಾಳುತ್ತದೆ, ಎಳೆತವನ್ನು ತಾಳದು. ಕೊಳವೆಯ ಮೇಲೆ ಭಾರ ಬಿದ್ದಾಗ ನೆತ್ತಿಯ ಒಳಮೈ ಎಳೆತಕ್ಕೆ ಸಿಕ್ಕಿ ಸೀಳಲೆತ್ನಿಸುತ್ತದೆ. ಆಗ ಹಿಡಿದುಕೊಳ್ಳುವುದು ಈ ಸುರುಳಿ.

ಪಂಜರವಿಟ್ಟ ಉಕ್ಕಿನ ಅಚ್ಚನ್ನು ರೋಲರುಗಳ ಮೇಲೆ ಅಡ್ಡಲಾಗಿ ಮಲಗಿಸಿ ತಿರುಗಿಸುತ್ತಾರೆ. ಮೊದಲು ನಿಧಾನವಾಗಿ ತಿರುಗುವಾಗ ಕಾಂಕ್ರೀಟನ್ನು ಒಳಗೆ ಸಮನಾಗಿ ಹರಡಿ, ಬಳಿಕ ವೇಗ ಹೆಚ್ಚಿಸುತ್ತಾರೆ. ಎರಡು ಅಡಿ ವ್ಯಾಸದ ಅಚ್ಚು ನಿಮಿಷಕ್ಕೆ 300 ಸುತ್ತು ತಿರುಗಿದರೆ ಗೋಡೆಯ ಬಳಿಯ ಕಾಂಕ್ರೀಟಿನ ಮೇಲೆ ಭೂಮಿಯ ಸೆಳೆತದ ಸುಮಾರು 30 ಪಟ್ಟು ಬಲ ಬೀಳುತ್ತದೆ. ಜಲ್ಲಿ, ಮರಳು ಹೊರಗೋಡೆಗೆ ಒತ್ತಿಕೊಂಡು ದಟ್ಟವಾಗುತ್ತವೆ. ಹೆಚ್ಚಿನ ನೀರು ಹಿಂಡಿಕೊಂಡು ಒಳಮೈಗೆ ಬರುತ್ತದೆ; ಅದನ್ನು ಹೊರಚೆಲ್ಲುತ್ತಾರೆ. ಹೀಗೆ ಹುಟ್ಟಿದ ಕೊಳವೆ ಗಟ್ಟಿಮುಟ್ಟಾಗಿರುತ್ತದೆ. ಆದರೆ ಕಲಸುವಾಗಲೇ ನೀರು ವಿಪರೀತವಾಗಿದ್ದರೆ ಭಾರದ ಜಲ್ಲಿ ಹೊರಕ್ಕೂ ಸಿಮೆಂಟಿನ ಗಂಜಿ ಒಳಕ್ಕೂ ಬೇರ್ಪಡುತ್ತವೆ. ಒಳಮೈ ಗಾಜಿನಂತೆ ನುಣ್ಣಗೆ ಹೊಳೆಯುತ್ತದೆ, ನೋಡಿದವರು ಮೆಚ್ಚುತ್ತಾರೆ. ಹಳ್ಳದ ಮರಳು, ಕಲ್ಲು ಉಜ್ಜಿಕೊಂಡು ಹರಿಯತೊಡಗಿದಾಗ ಆ ದುರ್ಬಲ ಪದರ ಮೊದಲು ಕಳಚಿಕೊಳ್ಳುತ್ತದೆ.

ಅಚ್ಚನ್ನು ನೆಟ್ಟಗೆ ನಿಲ್ಲಿಸಿ ಕಂಪನದಿಂದ ಕಾಂಕ್ರೀಟನ್ನು ಕೂರಿಸುವ ವಿಧಾನವೂ ಇದೆ. ದೊಡ್ಡ ವ್ಯಾಸದ ಕೊಳವೆಗಳಿಗೆ ಅದು ಅನುಕೂಲ. ವಿಧಾನ ಯಾವುದೇ ಇರಲಿ, ಅಚ್ಚು ಬಿಚ್ಚಿದ ಮೇಲಿನ ದಿನಗಳು ನಿರ್ಣಾಯಕ. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂಬುದು ತಪ್ಪು ತಿಳಿವಳಿಕೆ. ಅದು ನೀರಿನೊಂದಿಗೆ ಕೂಡಿಕೊಂಡು ಗಟ್ಟಿಯಾಗುತ್ತದೆ. 28 ದಿನಗಳಲ್ಲಿ ಬರುವ ಬಲದ ಸುಮಾರು ಮೂರನೆಯ ಎರಡು ಪಾಲು ಮೊದಲ ವಾರದಲ್ಲಿ ಬರುತ್ತದೆ, ಅದೂ ತೇವವಿದ್ದರೆ ಮಾತ್ರ. ಹೊಂಡದಲ್ಲಿ ಮುಳುಗಿಸಿಟ್ಟ, ಇಲ್ಲವೇ ಹಬೆಯಲ್ಲಿ ಹದಗೊಳಿಸಿದ ಕೊಳವೆಗೆ ಆ ಭಾಗ್ಯ ದೊರೆಯುತ್ತದೆ. ಆರ್ಥಿಕ ವರ್ಷದ ಕೊನೆಗೆ ಬಿಲ್ಲು ಆಗಬೇಕೆಂಬ ಅವಸರದಲ್ಲಿ, ಬಾವಿಗಳು ಬತ್ತುವ ಮಾರ್ಚ್, ಏಪ್ರಿಲ್‌ನಲ್ಲಿ ತಯಾರಾಗಿ, ಬಿಸಿಲಿಗೆ ಒಡ್ಡಿಕೊಂಡು, ವಾರ ತುಂಬುವ ಮೊದಲೇ ಲಾರಿ ಏರುವ ಕೊಳವೆಗೆ ಅದು ದೊರೆಯುವುದಿಲ್ಲ.

ಇದನ್ನೆಲ್ಲ ಹಳ್ಳಿಯವರು ಕಾರ್ಖಾನೆಗೆ ಹೋಗಿ ನೋಡಬೇಕಾಗಿಲ್ಲ. ಭಾರತೀಯ ಮಾನಕ 458 ಎಂಬ ನಿಯಮಾವಳಿ ಕಾಂಕ್ರೀಟು ಕೊಳವೆಗಳಿಗಾಗಿಯೇ ಇದೆ. ಅದರಂತೆ ಪ್ರತಿ ಕೊಳವೆಯ ಮೈಮೇಲೆ ತಯಾರಕರ ಗುರುತು, ವರ್ಗ, ಅಳತೆ, ತಯಾರಾದ ದಿನಾಂಕ, ತಿರುಗಿಸಿ ಮಾಡಿದ್ದೋ ಕಂಪನದಿಂದ ಮಾಡಿದ್ದೋ ಎಂಬ ವಿವರ ನಮೂದಾಗಿರಬೇಕು. ಒತ್ತಡವಿಲ್ಲದೆ ಹರಿಯುವ ನೀರಿನ ಕೊಳವೆಗಳಿಗೆ ಎನ್‌ಪಿ 1ರಿಂದ ಎನ್‌ಪಿ 4ರವರೆಗೆ ನಾಲ್ಕು ವರ್ಗಗಳಿವೆ. ಎನ್‌ಪಿ 1ರಲ್ಲಿ ಕಬ್ಬಿಣವೇ ಇರುವುದಿಲ್ಲ. ಅದು ಚರಂಡಿ, ನೀರಾವರಿಗೆ ಮಾತ್ರ. ಎನ್‌ಪಿ 2 ಹಗುರ ಸಂಚಾರದ ರಸ್ತೆಗೆ, ಎನ್‌ಪಿ 3 ಮಧ್ಯಮ ಸಂಚಾರಕ್ಕೆ, ಎನ್‌ಪಿ 4 ರೈಲಿನಂಥ ಭಾರೀ ಹೊರೆಗೆ. ಒಳವ್ಯಾಸ ಒಂದೇ ಆದರೂ ಎನ್‌ಪಿ 2ಕ್ಕಿಂತ ಎನ್‌ಪಿ 3ರ ಗೋಡೆ ಸಾಕಷ್ಟು ದಪ್ಪ. ಕೊಳವೆಯ ಬಾಯಿಯಲ್ಲಿ ಅಡ್ಡಗೋಲು ಹಿಡಿದು ಅಳೆದರೆ ಶಾಲಾ ಬಾಲಕನಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಅಂದಾಜುಪಟ್ಟಿಯಲ್ಲಿ ಎನ್‌ಪಿ 3 ಎಂದಿದ್ದು ರಸ್ತೆಯ ಬದಿಯಲ್ಲಿ ಎನ್‌ಪಿ 2 ಮಲಗಿದ್ದರೆ, ಅಥವಾ ಮೈಮೇಲೆ ಯಾವ ಅಕ್ಷರವೂ ಇಲ್ಲದಿದ್ದರೆ, ಪ್ರಶ್ನಿಸಲು ಅಷ್ಟು ಸಾಕು.

ಎರಡು ಅಡಿಯ ಬಾಯಿ, ಐವತ್ತು ಎಕರೆಯ ಮಳೆ

ಗುಣಮಟ್ಟಕ್ಕಿಂತ ದೊಡ್ಡ ಪ್ರಶ್ನೆ ಗಾತ್ರದ್ದು. ಎಷ್ಟೇ ಚೆನ್ನಾಗಿ ತಯಾರಾದ ಕೊಳವೆಯೂ ಹಳ್ಳಕ್ಕೆ ಕಿರಿದಾದರೆ ಅದು ಅಣೆಕಟ್ಟೇ ಆಗುತ್ತದೆ. ಮಲೆನಾಡಿನ ಒಂದು ಸಾಮಾನ್ಯ ಕಣಿವೆಯನ್ನು ತೆಗೆದುಕೊಳ್ಳಬಹುದು. ಮೋರಿಯ ಮೇಲ್ಭಾಗದಲ್ಲಿ 50 ಎಕರೆ, ಎಂದರೆ ಸುಮಾರು 20 ಹೆಕ್ಟೇರು, ಬೆಟ್ಟ ಮತ್ತು ತೋಟವಿದೆಯೆಂದು ಭಾವಿಸೋಣ. ನಿಮಿಷಕ್ಕೆ ಒಂದು ಮಿಲಿಮೀಟರಿನಂತೆ ಜಡಿಮಳೆ ಸುರಿಯುತ್ತಿದೆ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ 10,000 ಲೀಟರು. 20 ಹೆಕ್ಟೇರಿಗೆ ನಿಮಿಷಕ್ಕೆ ಎರಡು ಲಕ್ಷ ಲೀಟರು. ಆಷಾಢದಲ್ಲಿ ನೆಲ ತಣಿದಿರುವಾಗ ಅದರಲ್ಲಿ ಅರ್ಧ ಹರಿದುಬಂದರೂ ನಿಮಿಷಕ್ಕೆ ಒಂದು ಲಕ್ಷ ಲೀಟರು, ಸೆಕೆಂಡಿಗೆ ಸುಮಾರು 1,670 ಲೀಟರು ಮೋರಿಯ ಬಾಯಿಗೆ ಬರುತ್ತದೆ.

ಈಗ ಕೊಳವೆಯ ಲೆಕ್ಕ. ನೂರು ಅಡಿಗೆ ಒಂದು ಅಡಿ ಇಳಿಜಾರಿನಲ್ಲಿ ಕೂರಿಸಿದ ಎರಡು ಅಡಿ ಕೊಳವೆ ತುಂಬಿ ಹರಿದರೆ ಸೆಕೆಂಡಿಗೆ ಸುಮಾರು 600 ಲೀಟರು ಸಾಗಿಸಬಲ್ಲದು. ಮೂರು ಅಡಿಯದು ಸುಮಾರು 1,800 ಲೀಟರು. ನಾಲ್ಕು ಅಡಿಯದು ಸುಮಾರು 3,900 ಲೀಟರು. ಇದು ಕೊಳವೆ ಸ್ವಚ್ಛವಾಗಿದ್ದು ನೀರು ಸರಾಗವಾಗಿ ಒಳಹೊಕ್ಕರೆ ದೊರೆಯುವ ಲೆಕ್ಕ. ಬಾಯಿಯಲ್ಲಿ ನೀರು ಕುಗ್ಗಿ ತಿರುಗಿ ಒಳಸೇರುವಾಗ ಇಷ್ಟೂ ಸಿಗುವುದಿಲ್ಲ. ಎಂದರೆ ಈ ಕಣಿವೆಗೆ ಎರಡು ಅಡಿಯ ಕೊಳವೆ ಖಂಡಿತ ಸಾಲದು, ಮೂರು ಅಡಿಯದು ತೊಡಕಿನಲ್ಲಿ, ನಾಲ್ಕು ಅಡಿಯದಾದರೆ ಕೊಂಬೆ, ತರಗೆಲೆಗಳಿಗೂ ಸ್ವಲ್ಪ ಎಡೆಯಿದೆ.

ಇಲ್ಲಿ ಎಲ್ಲರೂ ಎಡವುವ ಒಂದು ಅಂಶವಿದೆ. ವ್ಯಾಸ ಎರಡು ಪಟ್ಟಾದರೆ ಕೊಳವೆಯ ಬಾಯಿ ನಾಲ್ಕು ಪಟ್ಟಾಗುತ್ತದೆ, ಸಾಗಿಸುವ ನೀರು ಆರು ಪಟ್ಟಿಗೂ ಮೀರುತ್ತದೆ. ದೊಡ್ಡ ಕೊಳವೆಯಲ್ಲಿ ಗೋಡೆಯ ಉಜ್ಜಾಟ ಪ್ರಮಾಣದಲ್ಲಿ ಕಡಿಮೆಯಾಗುವುದೇ ಇದಕ್ಕೆ ಕಾರಣ. ಹಾಗಾಗಿ ‘ನಾಲ್ಕು ಅಡಿಯದು ಸಿಗಲಿಲ್ಲ, ಎರಡು ಅಡಿಯದೇ ಎರಡು ಹಾಕಿದ್ದೇವೆ’ ಎಂಬ ಸಮಾಧಾನ ನಿಲ್ಲುವುದಿಲ್ಲ. ನಾಲ್ಕು ಅಡಿಯ ಒಂದಕ್ಕೆ ಸಮನಾಗಲು ಎರಡು ಅಡಿಯವು ಆರಕ್ಕೂ ಹೆಚ್ಚು ಬೇಕು. ಎರಡು ಕೊಳವೆಗಳ ನಡುವಿನ ಗೋಡೆಗೆ ಒಂದು ಮರದ ದಿಮ್ಮಿ ಅಡ್ಡವಾಗಿ ಸಿಕ್ಕಿಕೊಂಡರೆ ಎರಡೂ ಒಟ್ಟಿಗೆ ಮುಚ್ಚಿಹೋಗುತ್ತವೆ. ಹೂಳಿನ ಲೆಕ್ಕವೂ ಹೀಗೆಯೇ. ಕೊಳವೆಯ ಅರ್ಧ ಹೂಳು ತುಂಬಿದರೆ ಅರ್ಧ ನೀರು ಹೋಗುತ್ತದೆಂದು ತೋರುತ್ತದೆ. ವಾಸ್ತವದಲ್ಲಿ ಹೋಗುವುದು ಮೂರನೆಯ ಒಂದು ಪಾಲಿನ ಆಸುಪಾಸು ಮಾತ್ರ.

ಹೀಗಿದ್ದೂ ಚಿಕ್ಕ ಕೊಳವೆ ಏಕೆ ಗೆಲ್ಲುತ್ತದೆ? ಕಾರಣ ದುಷ್ಟತನವೇ ಆಗಬೇಕೆಂದಿಲ್ಲ. ಹನ್ನೊಂದು ಹನ್ನೆರಡು ಸೆಂಟಿಮೀಟರು ಗೋಡೆಯುಳ್ಳ, ಒಂದು ಮೀಟರು ಒಳವ್ಯಾಸದ, ಎರಡೂವರೆ ಮೀಟರು ಉದ್ದದ ಒಂದು ಕೊಳವೆಯಲ್ಲಿ ಸುಮಾರು ಒಂದು ಘನಮೀಟರು ಕಾಂಕ್ರೀಟಿರುತ್ತದೆ. ತೂಕ ಎರಡೂವರೆ ಟನ್ನು. ಘಟ್ಟದ ತಿರುವುಗಳಲ್ಲಿ ಅದನ್ನು ಸಾಗಿಸಲು, ಇಳಿಸಲು ಕ್ರೇನು ಬೇಕು. ತೆಳುಗೋಡೆಯ ಎರಡು ಅಡಿ ಕೊಳವೆ ಅರ್ಧ ಟನ್ನಿನ ಆಸುಪಾಸಿನದು, ನಾಲ್ಕಾರು ಜನ ಹಲಗೆ ಇಟ್ಟು ಉರುಳಿಸಿ ಇಳಿಸಿಬಿಡಬಹುದು. ದೊಡ್ಡ ಅಚ್ಚು ದುಬಾರಿ. ಸಣ್ಣ ತಯಾರಕ ಅದನ್ನು ಕೊಂಡಿರುವುದಿಲ್ಲ. ದೊಡ್ಡ ಕೊಳವೆಯ ಮೇಲೆ ಸಾಕಷ್ಟು ಮಣ್ಣು ಹೊದಿಸಬೇಕಾದರೆ ರಸ್ತೆಯನ್ನೂ ಏರಿಸಬೇಕು. ಇಷ್ಟೆಲ್ಲ ಅನುಕೂಲಗಳು ಒಂದು ಕಡೆ ಕೂಡಿದಾಗ ಹಳ್ಳದ ಪರವಾಗಿ ಮಾತಾಡುವವರು ಯಾರೂ ಉಳಿಯುವುದಿಲ್ಲ.

ಮೋರಿಯ ಮೇಲೆ, ಮೋರಿಯ ಕೆಳಗೆ

ಕಿರಿದಾದ ಮೋರಿಯ ಮೊದಲ ಬಲಿ ಮೇಲ್ಭಾಗದ ಗದ್ದೆ. ನೀರು ನಿಂತು, ಹೂಳು ಕೂತು, ಕೆಲವೇ ವರ್ಷಗಳಲ್ಲಿ ಗದ್ದೆ ಕಾಗದದಲ್ಲಿ ಮಾತ್ರ ಗದ್ದೆಯಾಗಿ ಉಳಿಯುತ್ತದೆ. ಅಡಿಕೆ ತೋಟವಾದರೆ ಕಾದಿಗೆಗಳು ತುಂಬಿ, ಬೇರಿಗೆ ಉಸಿರಾಟವಿಲ್ಲದೆ ಮರಗಳು ಸೊರಗುತ್ತವೆ. ಎರಡನೆಯ ಬಲಿ ಕೆಳಭಾಗ. ಅಗಲವಾಗಿ, ನಿಧಾನವಾಗಿ ಹರಿಯುತ್ತಿದ್ದ ನೀರು ಕಿರಿದಾದ ನುಣುಪು ಕೊಳವೆಯಿಂದ ಬಾಣದಂತೆ ಚಿಮ್ಮಿ ನೆಲವನ್ನು ಕೊರೆಯುತ್ತದೆ. ವರ್ಷದಿಂದ ವರ್ಷಕ್ಕೆ ಗುಂಡಿ ಆಳವಾಗಿ, ಕೊಳವೆಯ ತುದಿ ಗಾಳಿಯಲ್ಲಿ ತೂಗುವಂತಾಗುತ್ತದೆ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರಿ ಮೊಟ್ಟೆಯಿಡುವ ಹತ್ತುಮೀನಿಗೆ ಆ ತುದಿ ದಾಟಲಾಗದ ಗೋಡೆ. ಮೀನು ಕಡಿಮೆಯಾಯಿತೆಂದು ಹಲುಬುವವರು ಔಷಧ ಸಿಂಪಡಣೆಯ ಜೊತೆಗೆ ಮೋರಿಯ ತುದಿಯನ್ನೂ ಒಮ್ಮೆ ಬಗ್ಗಿ ನೋಡಬೇಕು.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ. ಮೋರಿಯ ಮುಂದೆ ಮಡುಗಟ್ಟಿದ ನೀರು ದಾರಿಯ ಚರಂಡಿಯುದ್ದಕ್ಕೂ ಸರಿದು, ಹಿಂದೆಂದೂ ಹಳ್ಳವಿರದಿದ್ದ ಇಳಿಜಾರಿನ ಮೇಲೆ ಚೆಲ್ಲುತ್ತದೆ. ಇಲ್ಲವೇ ರಸ್ತೆಯ ಮಣ್ಣಿನೊಳಕ್ಕೆ ಇಂಗುತ್ತದೆ. ನೀರುಂಡ ಮಣ್ಣಿಗೆ ತೂಕ ಹೆಚ್ಚುತ್ತದೆ, ಹಿಡಿತ ತಪ್ಪುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದುದನ್ನೂ 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಪ್ರಾಣಹಾನಿಯಾದುದನ್ನೂ ಯಾರೂ ಮರೆತಿಲ್ಲ. ಅಂಥ ದುರಂತಗಳನ್ನು ಮೋರಿಯೊಂದರ ತಲೆಗೆ ಕಟ್ಟುವುದು ಸರಿಯಲ್ಲ. ಅತಿಮಳೆ, ಕಡಿದಾದ ಅಗೆತ, ನೆಲದ ರಚನೆ ಎಲ್ಲವೂ ಅಲ್ಲಿ ಸೇರಿರುತ್ತವೆ. ಆದರೆ ಅಗೆದ ಗುಡ್ಡದ ನೀರಿಗೆ ಸಲೀಸಾದ ದಾರಿ ಕೊಡುವುದು ಮನುಷ್ಯನ ಕೈಯಲ್ಲಿರುವ ಕೆಲವೇ ಉಪಾಯಗಳಲ್ಲಿ ಒಂದು. ಮಳೆಯನ್ನು ಕಡಿಮೆ ಮಾಡಲಾಗದು, ಮೋರಿಯನ್ನು ದೊಡ್ಡದು ಮಾಡಬಹುದು.

ಮಲೆನಾಡಿನ ನೀರಿಗೆ ಇನ್ನೊಂದು ಗುಣವಿದೆ. ಇಲ್ಲಿನ ಕೆಂಪು ಮತ್ತು ಜಂಬಿಟ್ಟಿಗೆ ಮಣ್ಣು ಹುಳಿ ಸ್ವಭಾವದ್ದು. ಅದಕ್ಕೆಂದೇ ರೈತರು ತೋಟಕ್ಕೆ ಸುಣ್ಣ ಹಾಕುತ್ತಾರೆ. ಈ ನೆಲದ ಮೂಲಕ ಬಸಿದು ಬರುವ ಮೆದುನೀರಿಗೂ ಸುಣ್ಣದ ಹಸಿವು ಇರುತ್ತದೆ. ಸಿಮೆಂಟಿನೊಳಗಿನ ಸುಣ್ಣವನ್ನು ಅದು ಮೆಲ್ಲಮೆಲ್ಲಗೆ ಕರಗಿಸಿ ಒಯ್ಯುತ್ತದೆ. ದಟ್ಟವಾದ ಕಾಂಕ್ರೀಟಿನಲ್ಲಿ ಈ ಕ್ರಿಯೆ ಅತಿ ನಿಧಾನ, ಟೊಳ್ಳು ಕಾಂಕ್ರೀಟಿನಲ್ಲಿ ಬೇಗ. ಆದುದರಿಂದ ಕಲಸುವಾಗಿನ ಒಂದು ಕೊಡ ಹೆಚ್ಚುವರಿ ನೀರಿನ ಬೆಲೆ ಬಯಲುಸೀಮೆಗಿಂತ ಇಲ್ಲಿ ಹೆಚ್ಚು. ಒಡೆದ ಕೊಳವೆಯನ್ನು ಪದೇ ಪದೇ ಬದಲಿಸುವುದಕ್ಕೆ ಇನ್ನೊಂದು ಬೆಲೆಯೂ ಇದೆ. ಸುಣ್ಣಕಲ್ಲನ್ನು ಸುಟ್ಟು ಸಿಮೆಂಟು ಮಾಡುವಾಗ ಒಂದು ಟನ್ನು ಶುದ್ಧ ಸುಣ್ಣಕಲ್ಲಿನಿಂದಲೇ 440 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ; ಉರುವಲಿನದು ಬೇರೆ. ಮಳೆಯ ಸ್ವಭಾವವನ್ನೇ ಕೆಡಿಸುತ್ತಿರುವ ಅನಿಲವನ್ನು ಮಳೆಗೆ ಕೊಚ್ಚಿಹೋಗುವ ಮೋರಿಗಾಗಿ ಮತ್ತೆ ಮತ್ತೆ ಉಗುಳುವುದು ವಿವೇಕವಲ್ಲ.

ಮಾಡಬೇಕಾದುದು

ಕೊಳವೆಯೇ ಬೇಡವೆಂಬ ವಾದಕ್ಕೆ ಅರ್ಥವಿಲ್ಲ. ಕಾಲುಸಂಕ ದಾಟುವಾಗ ಜಾರಿ ಬಿದ್ದವರ ನೆನಪು ಮಲೆನಾಡಿನ ಎಷ್ಟೋ ಮನೆಗಳಲ್ಲಿದೆ. ಬಸುರಿಯನ್ನು, ರೋಗಿಯನ್ನು ಕಂಬಳಿಯಲ್ಲಿ ಹೊತ್ತು ತರುವ ಕಾಲ ಕಳೆಯಬೇಕಾದರೆ ರಸ್ತೆ ಬೇಕು, ರಸ್ತೆಗೆ ಮೋರಿ ಬೇಕು. ಹಿಂದಿನವರ ಕಲ್ಲುಚಪ್ಪಡಿಯ ಮೋರಿಗಳು ಇಂದಿಗೂ ಕೆಲವೆಡೆ ನಿಂತಿರುವುದಕ್ಕೆ ಕಾರಣ ಕಲ್ಲಿನ ಗಟ್ಟಿತನವೊಂದೇ ಅಲ್ಲ. ಹಳ್ಳದ ತಳವನ್ನು ಹಾಗೆಯೇ ಬಿಟ್ಟು, ಎರಡು ದಡಗಳ ಮೇಲೆ ಗೋಡೆ ಕಟ್ಟಿ ಚಪ್ಪಡಿ ಹಾಸಿದುದರಿಂದ ಹಳ್ಳ ಹಳ್ಳವಾಗಿಯೇ ಉಳಿಯಿತು. ವರ್ಷವಿಡೀ ಹರಿಯುವ ಹಳ್ಳಗಳಿಗೆ ಇಂದಿಗೂ ಚಪ್ಪಡಿ ಮೋರಿ ಅಥವಾ ಚೌಕಾಕಾರದ ಪೆಟ್ಟಿಗೆ ಮೋರಿಯೇ ಲೇಸು. ಮಳೆಗಾಲದಲ್ಲಿ ಮಾತ್ರ ನೀರು ಕಾಣುವ ಸಣ್ಣ ಕೊರಕಲುಗಳಿಗೆ ಕೊಳವೆ ಸಾಕು. ಅಲ್ಲಿಯೂ ಕೊಳವೆಯನ್ನು ಹಳ್ಳದ ತಳಕ್ಕಿಂತ ಸ್ವಲ್ಪ ಆಳದಲ್ಲಿ ಕೂರಿಸಿ, ಬಾಯಿಗೆ ಕಲ್ಲಿನ ಗೋಡೆ, ತುದಿಗೆ ಕಲ್ಲುಹಾಸು ಕೊಡಬೇಕು. ಕೆಳಗೆ ಮೆದುಮಣ್ಣು ಬಿಟ್ಟು ಎರಡು ತುದಿಗಳಿಗೆ ಮಾತ್ರ ಆಧಾರ ಕೊಟ್ಟರೆ ಎಂಥ ಎನ್‌ಪಿ 3 ಕೊಳವೆಯೂ ನಡು ಮುರಿಯುತ್ತದೆ.

ಸಾಧನಗಳು ಜನರ ಕೈಯಲ್ಲೇ ಇವೆ. ರಸ್ತೆಯ ಅಂದಾಜುಪಟ್ಟಿ, ಕೊಳವೆಯ ವರ್ಗ, ಪರೀಕ್ಷಾ ವರದಿಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಯಾವ ನಾಗರಿಕನೂ ಕೇಳಬಹುದು. ಮೂರು ಅಂಚುಗಳ ಮೇಲೆ ಭಾರ ಹೇರಿ 0.25 ಮಿಲಿಮೀಟರು ಬಿರುಕು ಬಿಡುವ ಹೊರೆಯನ್ನು ಅಳೆಯುವ ಪರೀಕ್ಷೆ ನಿಯಮಾವಳಿಯಲ್ಲಿಯೇ ಇದೆ; ಅದರ ವರದಿ ಎಲ್ಲಿ ಎಂದು ಕೇಳಿದರೆ ಸಾಕು, ಮುಂದಿನ ಲಾರಿಯಲ್ಲಿ ಬರುವ ಕೊಳವೆ ಬೇರೆಯದಾಗಿರುತ್ತದೆ. 2000ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ಐದು ವರ್ಷಗಳ ನಿರ್ವಹಣೆ ಗುತ್ತಿಗೆದಾರನ ಹೊಣೆ. ಆ ಅವಧಿಯಲ್ಲಿ ಮುಚ್ಚಿಹೋದ ಮೋರಿಯನ್ನು ಊರವರು ತಾವೇ ಗುದ್ದಲಿ ಹಿಡಿದು ಬಿಡಿಸಿ ಸುಮ್ಮನಾಗುವುದು ಔದಾರ್ಯವೇ ಹೊರತು ಕರ್ತವ್ಯವಲ್ಲ; ಕೆಲಸ ಮಾಡಿದರೂ ಲಿಖಿತ ದೂರು ಕೊಡುವುದನ್ನು ಬಿಡಬಾರದು.

ತಯಾರಿಕೆಯ ಬದಿಯಲ್ಲೂ ದಾರಿಯಿದೆ. ಹತ್ತಾರು ಪಂಚಾಯತಿಗಳು ಒಗ್ಗೂಡಿ ‘ಇಂಥ ಅಳತೆಯ ಇಷ್ಟು ಕೊಳವೆಗಳು, ಪೆಟ್ಟಿಗೆ ಮೋರಿಗಳು ಬೇಕು’ ಎಂದು ದೀಪಾವಳಿಯ ಹೊತ್ತಿಗೇ ಬೇಡಿಕೆ ಇಟ್ಟರೆ ತಯಾರಕ ದೊಡ್ಡ ಅಚ್ಚಿನಲ್ಲಿ, ಪ್ಯಾನ್ ಮಿಕ್ಸರಿನಲ್ಲಿ ಹಣ ತೊಡಗಿಸಲು ಧೈರ್ಯಪಡುತ್ತಾನೆ. ಚಳಿಗಾಲದಲ್ಲಿ ತಯಾರಾದ ಕೊಳವೆಗೆ ಹೊಂಡದ ನೀರೂ ಸಿಗುತ್ತದೆ, 28 ದಿನಗಳ ಬಿಡುವೂ ಸಿಗುತ್ತದೆ. ಮಾರ್ಚಿಯ ಅವಸರದಲ್ಲಿ ಬಿಡಿಬಿಡಿಯಾಗಿ ಕೊಳ್ಳುವಾಗ ಇದಾವುದೂ ಸಾಧ್ಯವಿಲ್ಲ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವಿದೆ. ಮಲೆನಾಡು 1983ರಲ್ಲಿ ಮರಗಳನ್ನು ಅಪ್ಪಿಕೊಂಡು ಉಳಿಸಿಕೊಂಡಿತು. ಮೋರಿಯನ್ನು ಅಪ್ಪಿಕೊಂಡು ಪ್ರಯೋಜನವಿಲ್ಲ, ಅಳೆಯಬೇಕು. ಊರಿನ ಪ್ರತಿ ಮೋರಿಯ ಒಳವ್ಯಾಸ, ಗೋಡೆಯ ದಪ್ಪ, ಹೂಳಿನ ಎತ್ತರ, ಮೈಮೇಲಿನ ಬರಹ, ತುದಿಯಲ್ಲಿ ಬಿದ್ದ ಗುಂಡಿಯ ಆಳ, ಕಳೆದ ಮಳೆಯಲ್ಲಿ ನೀರು ನಿಂತ ಗುರುತು ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೋರಿಯ ಮೇಲಿನ ಜಲಾನಯನ ಎಷ್ಟು ಎಕರೆ ಎಂಬುದನ್ನು ಸರ್ವೆ ನಕಾಶೆಯ ಮೇಲೆ ಗೆರೆ ಎಳೆದು ತಿಳಿಯಬಹುದು. ನೇರ ಗೋಡೆಯ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು ಹತ್ತು ಹತ್ತು ನಿಮಿಷಕ್ಕೊಮ್ಮೆ ಅಳೆದರೆ ಊರಿನ ಜಡಿಮಳೆಯ ಲೆಕ್ಕ ಸಿಗುತ್ತದೆ. ಮೇಲಿನ ಐವತ್ತು ಎಕರೆಯ ಲೆಕ್ಕದಲ್ಲಿ ಈ ಅಂಕಿಗಳನ್ನಿಟ್ಟು ಗುಣಿಸಲು ಪ್ರೌಢಶಾಲೆಯ ಗಣಿತ ಸಾಕು. ಅಂಥ ಪುಸ್ತಕವೊಂದು ಗ್ರಾಮಸಭೆಯ ಮೇಜಿನ ಮೇಲೆ ಬಿದ್ದರೆ ಎಂಜಿನಿಯರರೂ ಅದನ್ನು ತೆರೆದು ನೋಡದಿರಲಾರರು. ಅವರಲ್ಲಿ ಎಷ್ಟೋ ಜನ ಇಂಥ ಬೆಂಬಲಕ್ಕಾಗಿ ಕಾದಿರುವವರೂ ಇದ್ದಾರೆ.

ಮೋರಿಯ ಬಾಯಿ ಬಿಡಿಸಿ, ಕಸಕಡ್ಡಿ ತೆಗೆದು, ಅಳತೆ ಬರೆದುಕೊಳ್ಳಲು ಮೇ ತಿಂಗಳ ರಜೆಯ ಎರಡು ಭಾನುವಾರ ಬೇಕಾದೀತು. ಮುಂದಿನ ಕಾಮಗಾರಿಗೆ ಕೊಳವೆಗಳು ಬಂದಿಳಿಯುವ ಮೊದಲು ಆ ಹಳ್ಳದ ಅಳತೆ ಊರಿನವರ ಕೈಯಲ್ಲಿರಬೇಕು.